ಉದ್ದ ಸೌಟಿನ ಅಖ್ತರ್ ಬೇಗಂ

ಸಿರಾದಲ್ಲಿ ಆ ಕಾಲಕ್ಕೇ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುವ ಜಾಗವೊಂದಿತ್ತು ಅಂದರೆ, ಈಗಿನವರು ಬೋರ್ಡು ಎಲ್ಲಿತ್ತು, ಅಧ್ಯಕ್ಷರು ಯಾರು ಅಂತ ಕೇಳುತ್ತಾರೆ. ಬೋರ್ಡೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ. ಇದ್ದದ್ದು ಹೊಲಕ್ಕೆ ನುಗ್ಗಿದ ದನಗಳನ್ನು ಹಿಡಿದು ಕೂಡುವ ದೊಡ್ಡಿ. ಅದರ ಮೂಲೆಯಲ್ಲಿ ಅರ್ಧ ಹೆಂಚು ಉದುರಿದ ಒಂದು ಕೊಟ್ಟಿಗೆ. ದೊಡ್ಡಿಯ ಎದುರು ಮನೆಯಲ್ಲಿ ಅಖ್ತರ್ ಬೇಗಂ. ಇಷ್ಟೇ.

ನಾನು ಮಧುಗಿರಿಯವಳು. ಏಕೀಕರಣವಾದ ವರ್ಷ ಮದುವೆಯಾಗಿ ಸಿರಾಕ್ಕೆ ಬಂದೆ. ನಮ್ಮ ಯಜಮಾನರು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ಮತ್ತೆ ನಮ್ಮತ್ತೆ ಚನ್ನಮಲ್ಲಮ್ಮ. ಅತ್ತೆಯ ಮಡಿ ಅಂದರೆ ಮಡಿ. ಸ್ನಾನ ಮಾಡಿ ಶಿವಪೂಜೆಗೆ ಕೂರುವ ಮೊದಲು ನಾಯಿಯ ನೆರಳು ಬಿದ್ದರೂ ಇನ್ನೊಂದು ಚೊಂಬು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಸಿರಾದ ಉಪ್ಪುನೀರಿನ ಬಾವಿಯಿಂದ ಆ ಚೊಂಬು ತುಂಬಿಸಿ ತರಬೇಕಾದವಳು ನಾನು. ನನಗೆ ಸಿಟ್ಟು ಬರದೆ ಇನ್ನೇನು ಬರುತ್ತೆ?

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಮಿಕ್ಕಿದ ಮುದ್ದೆಯನ್ನು ಚರಂಡಿಗೆ ಎಸೆಯುತ್ತಿದ್ದೆ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ತೆಳ್ಳನೆಯ, ಎತ್ತರದ ಹೆಂಗಸೊಬ್ಬರು, ಚರಂಡಿಗೇನು ಹೊಟ್ಟೆ ಇದೆಯೇನಮ್ಮ ಅಂತ ಕೇಳಿಬಿಟ್ಟರು. ಹೆಸರಿಲ್ಲ, ಊರಿಲ್ಲ, ಮೊದಲ ಮಾತೇ ಅದು. ನನಗೂ ಬಾಯಿತ್ತು, ನಿಮಗೆ ಬೇಕಾಗಿತ್ತೇನು ಅಂದೆ. ಅವರು ನಕ್ಕು, ನನಗಲ್ಲ, ಅಲ್ಲಿರುವವರಿಗೆ ಅಂತ ದೊಡ್ಡಿಯ ಕಡೆ ಕೈ ತೋರಿಸಿದರು. ಅವರೇ ಅಖ್ತರ್ ಬೇಗಂ.

ಅವರ ಗಂಡ ಕಲಾಯಿ ಹಾಕುತ್ತಿದ್ದರಂತೆ, ಹಿತ್ತಾಳೆ ಪಾತ್ರೆಗಳಿಗೆ. ನಾನು ಬರುವ ಹೊತ್ತಿಗೆ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಬೇಗಂ ಅವರ ತಮ್ಮ ಕಲಂದರ್ ಪಕ್ಕದ ಬೀದಿಯಲ್ಲಿದ್ದುಕೊಂಡು ಅದೇ ಕಸುಬು ಹಿಡಿದಿದ್ದ. ತಿದಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಡವನಹಳ್ಳಿ, ಮಿಡಿಗೇಶಿ ಅಂತ ಸುತ್ತಿ ಬರುತ್ತಿದ್ದ. ಬೇಗಂ ಮನೆಯಲ್ಲಿ ಕೂತು ರಜಾಯಿ ಹೊಲಿಯುತ್ತಿದ್ದರು. ಒಂದೇ ಕೋಣೆಯ ಮನೆ. ಬಾಗಿಲು ತೆಗೆದರೆ ಒಂದು ಜಗಲಿ, ಅದರಾಚೆ ನೇರ ಬೀದಿ. ಕೋಣೆಯೊಳಗೆ ಪಶ್ಚಿಮದ ಗೋಡೆಯ ಬಳಿ ಅವರ ಜಾನಮಾಜ್, ಅಂದರೆ ನಮಾಜು ಮಾಡುವ ಚಾಪೆ. ಐದು ಹೊತ್ತಿನಲ್ಲಿ ಒಂದು ಹೊತ್ತೂ ತಪ್ಪಿಸಿದವರಲ್ಲ. ಅವರು ಚಾಪೆ ಹಾಸಿದರೆ ಸಾಕು, ಚಾಂದನಿ ಅನ್ನುವ ಬಿಳೀ ಬೆಕ್ಕು ಬಂದು ಅದರ ತುದಿಯಲ್ಲಿ ಕೂರುತ್ತಿತ್ತು. ಬೆಕ್ಕು ಕೂತರೆ ಪರವಾಗಿಲ್ಲ, ಅದು ಪಾಕ್, ಶುದ್ಧ ಜೀವ ಅನ್ನುತ್ತಿದ್ದರು.

ನಾಯಿಯ ವಿಷಯ ಬೇರೆ. ನಾಯಿಯ ಎಂಜಲು ತಾಗಿದರೆ ಬಟ್ಟೆ ಬದಲಿಸಬೇಕು, ಕೈ ತೊಳೆಯಬೇಕು. ಪಾತ್ರೆ ನೆಕ್ಕಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ಎಲ್ಲಕ್ಕಿಂತ ಹೆಚ್ಚಾಗಿ, ನಾಯಿ ಇರುವ ಮನೆಗೆ ಫರಿಶ್ತೆಗಳು, ಅಂದರೆ ದೇವದೂತರು, ಕಾಲಿಡುವುದಿಲ್ಲ. ಇದನ್ನು ಅವರು ಬಹಳ ಗಟ್ಟಿಯಾಗಿ ನಂಬಿದ್ದರು. ಗಂಡ ಹೋದ ಮೇಲೆ ಈ ಮನೆಗೆ ಬರುವವರು ಆ ಫರಿಶ್ತೆಗಳು ಮಾತ್ರ ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ನಮ್ಮತ್ತೆಯ ಮಡಿಯನ್ನು ಕಂಡು ಬೇಸತ್ತಿದ್ದ ನಾನು, ತಪ್ಪಿಸಿಕೊಂಡು ಬಂದರೆ ಇಲ್ಲೂ ಅದೇ ಗೋಳೇ ಅಂತ ತಲೆ ಚಚ್ಚಿಕೊಂಡೆ.

ಆದರೂ ಆ ದೊಡ್ಡಿಯ ನಾಯಿಗಳಿಗೆ ದಿನಾ ಅಂಬಲಿ ಕಾಯಿಸುತ್ತಿದ್ದವರು ಅವರೇ. ಮೊದಮೊದಲು ಗಾಡಿಯ ಚಕ್ರಕ್ಕೆ ಸಿಕ್ಕಿದ ಒಂದು ನಾಯಿ ತೆವಳಿಕೊಂಡು ಬಂದು ಕೊಟ್ಟಿಗೆ ಸೇರಿತ್ತಂತೆ. ದೊಡ್ಡಿ ಕಾಯುವ ದೊಡ್ಡಹನುಮಯ್ಯ ಅದನ್ನು ಓಡಿಸಲಿಲ್ಲ. ಬೇಗಂ ಊಟ ಕಳಿಸಿದರು. ಆಮೇಲೆ ಕಜ್ಜಿ ಹತ್ತಿದವು, ಮೈಗೆ ಹುಳು ಬಿದ್ದವು, ಮರಿ ಹಾಕಲು ಜಾಗವಿಲ್ಲದವು ಒಂದೊಂದಾಗಿ ಬಂದವು. ಬೆಕ್ಕುಗಳು ಬೇಗಂ ಮನೆಗೆ, ನಾಯಿಗಳು ದೊಡ್ಡಿಗೆ ಅಂತ ತಾನಾಗಿಯೇ ಪಾಲಾಯಿತು. ದನದ ಆಸ್ಪತ್ರೆಯವರು ನಾಯಿ ನೋಡುವುದಿಲ್ಲ ಅಂದರು, ನಾವೂ ಮತ್ತೆ ಹೋಗಿ ಕೇಳಲಿಲ್ಲ.

ಬೇಗಂ ನಾಯಿಗೆ ಬಡಿಸುವ ಚಂದ ನೋಡಬೇಕಿತ್ತು. ತೆಂಗಿನ ಚಿಪ್ಪಿನ ಸೌಟಿಗೆ ಆಳುದ್ದದ ಬಿದಿರು ಕಟ್ಟಿಸಿಕೊಂಡಿದ್ದರು. ಗೋಡೆಯ ಈಚೆ ನಿಂತು, ಸೆರಗನ್ನು ಎದೆಗೆ ಅವುಚಿಕೊಂಡು, ಆಚೆಯ ಮಣ್ಣಿನ ತಟ್ಟೆಗಳಿಗೆ ಅಂಬಲಿ ಸುರಿಯುತ್ತಿದ್ದರು. ಒಂದು ತೊಟ್ಟು ಆಚೀಚೆ ಬೀಳುತ್ತಿರಲಿಲ್ಲ. ಯಾವ ನಾಯಿ ಯಾವುದರ ಪಾಲಿಗೆ ಬಾಯಿ ಹಾಕುತ್ತೆ, ಯಾವುದು ನಿನ್ನೆಯಿಂದ ತಿಂದಿಲ್ಲ, ಎಲ್ಲ ಅವರ ಕಣ್ಣಲ್ಲೇ ಇತ್ತು. ನಾಯಿಗಳೂ ಅವರನ್ನು ಬಲ್ಲವು. ಅವರು ಬೀದಿಗಿಳಿದರೆ ಬಾಲ ಅಲ್ಲಾಡಿಸುತ್ತಿದ್ದವು, ಹತ್ತಿರ ಮಾತ್ರ ಹೋಗುತ್ತಿರಲಿಲ್ಲ.

ನಾನು ಸೇರಿಕೊಂಡ ಮೇಲೆ ನಮ್ಮ ಕೆಲಸ ಹೀಗೆ ಹಂಚಿಕೆಯಾಯಿತು. ಕಸಾಯಿಖಾನೆಯ ಮುನೀರ್ ಕೊಡುವ ಚೂರುಪಾರು ಮಾಂಸವನ್ನು ಬೇಗಂ ಬೇಯಿಸುತ್ತಿದ್ದರು, ಲಿಂಗ ಕಟ್ಟಿದ ನಾನು ಅದನ್ನು ಮುಟ್ಟುವ ಹಾಗಿಲ್ಲ. ನಾಯಿಯ ಗಾಯಕ್ಕೆ ಸೀತಾಫಲದ ಎಲೆ ಅರೆದು ತುಂಬಿ ಹುಳು ತೆಗೆಯುವುದು, ಕಜ್ಜಿಗೆ ಬೇವಿನೆಣ್ಣೆ ಹಚ್ಚುವುದು ನನ್ನ ಕೆಲಸ, ಬೇಗಂ ಅದನ್ನು ಮುಟ್ಟುವ ಹಾಗಿಲ್ಲ. ಎರಡನ್ನೂ ಮುಟ್ಟಬಹುದಾದವನು ದೊಡ್ಡಹನುಮಯ್ಯ ಒಬ್ಬನೇ. ಹಾಗಾಗಿ ಎಲ್ಲ ಕೆಲಸವೂ ಕೊನೆಗೆ ಅವನ ತಲೆಗೇ ಬರುತ್ತಿತ್ತು. ನಿಮ್ಮಿಬ್ಬರ ದೇವರುಗಳ ನಡುವೆ ನಾನು ಸವೆದು ಹೋದೆ ಅಂತ ಅವನು ಗೊಣಗುತ್ತಲೇ ಇರುತ್ತಿದ್ದ. ಗೊಣಗಿದರೂ ಒಂದು ದಿನ ಬಿಟ್ಟವನಲ್ಲ. ನಾನು ಹಿತ್ತಲಲ್ಲಿ ಮೈ ತೊಳೆದುಕೊಂಡು ಸೀರೆ ಬದಲಿಸಿ ಒಳಗೆ ಹೋಗುತ್ತಿದ್ದೆ. ಅತ್ತೆಗೆ ಎಲ್ಲ ಗೊತ್ತಿತ್ತು. ಮಡಿ ಕೆಡದಿದ್ದರೆ ಸಾಕು ಅಂತ ಸುಮ್ಮನಿದ್ದರು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಕುಂಟಮ್ಮ ಬಾರದೆ ಇದ್ದಿದ್ದರೆ.

ಕುಂಟಮ್ಮ ತಾವರೆಕೆರೆ ಕಡೆಯ ಕುರಿಗಾಹಿಗಳ ಹಿಂಡಿನ ನಾಯಿ. ಕುರಿ ಕಾಯುವ ನಾಯಿಗಳಿಗೆ ಮರಿಯಲ್ಲೇ ಕಿವಿ ಕತ್ತರಿಸುತ್ತಾರಲ್ಲ, ಹಾಗೆ ಇದಕ್ಕೂ ಮೋಟು ಕಿವಿ, ಮಾಸಲು ಹಳದಿ ಮೈ. ಹಿಂಡು ಊರು ದಾಟುವಾಗ ಬಸ್ಸು ಹಿಂಗಾಲಿನ ಮೇಲೆ ಹೋಯಿತು. ಕುರಿಗಾಹಿಗಳು ಒಂದು ದಿನ ಕಾದು, ಇನ್ನು ಇದು ಹಿಂಡಿನ ಜೊತೆ ಓಡುವುದಿಲ್ಲ ಅಂತ ಬಿಟ್ಟು ಹೋದರು. ತುಂಬು ಗಬ್ಬದ ನಾಯಿ. ದೊಡ್ಡಹನುಮಯ್ಯ ಗೋಣಿಯಲ್ಲಿ ಎತ್ತಿಕೊಂಡು ಬಂದ. ಮರಿಗಳೆಲ್ಲ ಸತ್ತೇ ಹುಟ್ಟಿದವು. ಕಾಲೂ ಕೂಡಲಿಲ್ಲ. ಕುಂಟಮ್ಮ ಅಂತ ಹೆಸರಿಟ್ಟವನು ಅವನೇ.

ಅದೇ ವಾರ ಬೇಗಂ ಅವರ ಚಾಂದನಿ, ಯಾರೋ ಇಲಿಗಿಟ್ಟ ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದು ಸತ್ತುಹೋಯಿತು. ಇನ್ನೂ ಕಣ್ಣು ತೆರೆಯದ ಮೂರು ಮರಿಗಳಿದ್ದವು. ಬೇಗಂ ಬಟ್ಟೆಯ ಬತ್ತಿ ಮಾಡಿ ಹಸುವಿನ ಹಾಲಿನಲ್ಲಿ ಅದ್ದಿ ಕುಡಿಸಿದರು. ಕುಡಿದದ್ದೆಲ್ಲ ಭೇದಿಯಾಗಿ ಹೋಯಿತು. ಮಾರನೆಯ ದಿನ ಒಂದು ಮರಿ ಸತ್ತಿತು. ಬೇಗಂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನೋಡಲಾಗಲಿಲ್ಲ ನನಗೆ.

ಆಗ ದೊಡ್ಡಹನುಮಯ್ಯ ಬಾಗಿಲಾಚೆ ನಿಂತು, ಆ ಕುಂಟಮ್ಮನಿಗೆ ಮೊಲೆ ಬಾವು ಬಂದಿದೆ, ಕುಡಿಯುವವರಿಲ್ಲ, ಇಲ್ಲಿ ಕುಡಿಯುವವರಿದ್ದಾರೆ ಹಾಲಿಲ್ಲ ಅಂದ. ಬೇಗಂ ತೌಬಾ ತೌಬಾ ಅಂತ ಕೆನ್ನೆ ಬಡಿದುಕೊಂಡರು.

"ನಾಯಿ ಹಾಲು ಕುಡಿದ ಬೆಕ್ಕು ಪಾಕೋ ನಾಪಾಕೋ, ಯಾರಿಗ್ ಗೊತ್ತು? ನಾಳೆ ಅದು ಬಂದು ನನ್ನ ಜಾನಮಾಜ್ ಮ್ಯಾಲೆ ಕೂತ್ರೆ ನಾನೇನ್ ಮಾಡ್ಲಿ?"

ನನಗೆ ಎಲ್ಲಿತ್ತೋ ಸಿಟ್ಟು. ಕೂರುವುದಕ್ಕೆ ಮೊದಲು ಅದು ಬದುಕಬೇಕಲ್ಲ, ಸತ್ತ ಬೆಕ್ಕು ಎಷ್ಟು ಪಾಕಾಗಿದ್ದರೆ ಏನು ಬಂತು ಅಂದುಬಿಟ್ಟೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ಮರಿಗಳಿದ್ದ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

ಕುಂಟಮ್ಮ ಮೊದಲು ಮೂಸಿತು, ಆಮೇಲೆ ತಲೆಯಿಂದ ಬಾಲದವರೆಗೆ ಎರಡನ್ನೂ ನೆಕ್ಕಿತು. ಮರಿಗಳು ಹುಡುಕಿಕೊಂಡು ಹೋಗಿ ಕಚ್ಚಿಕೊಂಡವು. ದೊಡ್ಡಹನುಮಯ್ಯ ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಾ ನಿಂತಿದ್ದ. ನಾನು ಮನೆಯಲ್ಲಿ ಅತ್ತೆ ಕಾಯುತ್ತಿರುತ್ತಾರೆ ಅನ್ನುವುದನ್ನೂ ಮರೆತು ಸಂಜೆಯವರೆಗೆ ಅಲ್ಲೇ ಕೂತೆ.

ಮರಿಗಳೇನೋ ಉಳಿದವು. ಬೇಗಂ ಅವರ ಪಾಡು ಬೇರೆಯಾಯಿತು. ಮರಿಗಳ ಮೈಯೆಲ್ಲ ಸದಾ ನಾಯಿಯ ಎಂಜಲು. ದಿನಾ ಗೋಡೆಯ ಹತ್ತಿರ ಬಂದು ಇಣುಕಿ, ಕಣ್ಣು ಬಿಟ್ಟವೇನಮ್ಮ, ದಪ್ಪ ಆದವೇನಮ್ಮ ಅಂತ ಕೇಳುವರು. ಕೈ ಮುಂದೆ ಬರುವುದು, ಹಾಗೇ ಹಿಂದೆ ಹೋಗುವುದು. ಯಾವತ್ತೂ ಮಡಿಲಲ್ಲಿ ಒಂದು ಬೆಕ್ಕಿಲ್ಲದೆ ಕೂತವರಲ್ಲದ ಹೆಂಗಸು, ರಜಾಯಿಯ ಹತ್ತಿ ಹಿಂಜುತ್ತಾ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ತಮ್ಮ ಕಲಂದರನನ್ನು ಮಸೀದಿಯ ಪೇಶ್ ಇಮಾಮರ ಹತ್ತಿರ ಕಳಿಸಿದರು. ಪ್ರಶ್ನೆ ಕೇಳುವಾಗ ಕಲಂದರನಿಗೇ ನಗು ಬಂತಂತೆ. ಇಮಾಮರು ನಗಲಿಲ್ಲ. ಗಡ್ಡ ನೀವಿಕೊಂಡು, ಬೆಕ್ಕು ಯಾರ ಹಾಲು ಕುಡಿದರೂ ಬೆಕ್ಕೇ, ಮೈ ಒಣಗಿದ್ದರೆ ಎತ್ತಿಕೊಳ್ಳಲಿ, ಒದ್ದೆಯಾಗಿದ್ದರೆ ತೊಳೆದುಕೊಳ್ಳಲಿ ಅಂದರಂತೆ. ಬೇಗಂ ಆವತ್ತು ಓಡಿ ಬಂದ ರಭಸ ನೋಡಿ ನಾಯಿಗಳು ಬೊಗಳಿದವು. ನಾನು ಒಂದು ಮರಿಯನ್ನು ಒರೆಸಿ, ಬಿಸಿಲಲ್ಲಿ ಒಣಗಿಸಿ, ಅವರ ಕೈಗೆ ಕೊಟ್ಟೆ.

ಅಷ್ಟರಲ್ಲಿ ಸಂತೆಯಲ್ಲಿ ಯಾರಿಗೋ ನಾಯಿ ಕಚ್ಚಿತು. ಬೀದಿ ನಾಯಿಗಳಿಗೆ ಮದ್ದು ಹಾಕುತ್ತೇವೆ ಅಂತ ತಮಟೆ ಬಾರಿಸಿದರು. ಆಗ ಎಲ್ಲ ಊರಲ್ಲೂ ಇದ್ದದ್ದೇ ಇದು. ಸಾಕಿದ ನಾಯಿಯನ್ನು ಮನೆಯೊಳಗೆ ಕಟ್ಟಿಕೊಳ್ಳಿ, ಬೀದಿಯಲ್ಲಿ, ಜಗಲಿಯ ಮೇಲೆ, ಬಯಲಲ್ಲಿ ಸಿಕ್ಕಿದ್ದಕ್ಕೆ ವಿಷದ ಉಂಡೆ. ದೊಡ್ಡಿಯೊಂದು ಇದೆಯಲ್ಲ ಅಂತ ನಾವು ಧೈರ್ಯವಾಗಿದ್ದೆವು. ಆದರೆ ಹೊಸದಾಗಿ ಬಂದಿದ್ದ ಹೆಲ್ತ್ ಇನ್ಸ್‌ಪೆಕ್ಟರು, ದೊಡ್ಡಿ ಇರುವುದು ದನಕ್ಕೆ, ನಾಯಿಗಲ್ಲ, ಸೋಮವಾರದೊಳಗೆ ಖಾಲಿ ಮಾಡದಿದ್ದರೆ ಮೊದಲು ಇಲ್ಲೇ ಮದ್ದು ಹಾಕಿಸುತ್ತೇನೆ ಅಂದರು. ದೊಡ್ಡಹನುಮಯ್ಯನ ಕೆಲಸ ಹೋಗುತ್ತದೆ ಅಂತಲೂ ಸೇರಿಸಿದರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ಅವರ ಕೆಲಸ ಅವರು ಮಾಡಿದರು.

ಆ ವಾರ ನಾವೆಲ್ಲ ನಾಯಿಗಳಿಗೆ ಮನೆ ಹುಡುಕುವುದರಲ್ಲೇ ಕಳೆದೆವು. ಕಲಂದರ್ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ಮಿಡಿಗೇಶಿಯಲ್ಲಿ ಪಾತ್ರೆಗೆ ಕಲಾಯಿ ಹಾಕಿಸಿಕೊಂಡವರ ಮನೆಗೆ ಒಂದು, ಬಡವನಹಳ್ಳಿಯ ಅಂಗಡಿಯವರಿಗೆ ಒಂದು ಅಂತ ಹಂಚಿ ಬಂದ. ಹೊಲ ಕಾಯಲು ಬೇಕು ಅಂತ ಕೆಲವನ್ನು ರೈತರೇ ಬಂದು ಒಯ್ದರು. ಉಳಿದದ್ದು ಕುಂಟಮ್ಮ ಒಂದೇ. ಮೂರು ಕಾಲಿನ ನಾಯಿ ಯಾರಿಗೆ ಬೇಕು? ಅದೇ ಕುರಿಗಾಹಿಗಳನ್ನಾದರೂ ಹುಡುಕಿ ಕೇಳಿ ನೋಡುತ್ತೇನೆ ಅಂತ ಭಾನುವಾರ ದೊಡ್ಡಹನುಮಯ್ಯ ತಾವರೆಕೆರೆಗೆ ಹೋದ. ನಾನು ನಮ್ಮ ಹಿತ್ತಲಿನ ಸೌದೆ ಕೋಣೆಯಲ್ಲಿ ನಾಲ್ಕು ದಿನ ಇಟ್ಟುಕೊಳ್ಳಲೇ ಅಂತ ಅತ್ತೆಯನ್ನು ಕೇಳಿದೆ. ದೇವರ ಕೋಣೆಯ ಗೋಡೆಗೆ ಅಂಟಿದ ಕೋಣೆ ಅದು. ಅತ್ತೆ ಎದ್ದು ಹೋಗಿ ಸ್ನಾನ ಮಾಡಿದರು. ಉತ್ತರ ಅದೇ.

ಬೇಗಂ ಅವರನ್ನು ಮಾತ್ರ ನಾನು ಕೇಳಲಿಲ್ಲ. ಹೇಗೆ ಕೇಳಲಿ? ಗಂಡ, ಮಕ್ಕಳು ಯಾರೂ ಇಲ್ಲದ ಆ ಒಂದೇ ಕೋಣೆಗೆ ಬರುತ್ತಾರೆ ಅಂತ ಅವರು ನಂಬಿದ್ದ ಅತಿಥಿಗಳಿಗೆ, ಬರಬೇಡಿ ಅಂತ ಹೇಳಿ ಅಂದ ಹಾಗಾಗುತ್ತಿತ್ತು. ನನ್ನ ಬಾಯಿ ಎಷ್ಟೇ ದೊಡ್ಡದಿರಲಿ, ಅದು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಇಬ್ಬರು ಆಳುಗಳ ಜೊತೆ ಬಂದರು. ಒಬ್ಬನ ಕೈಯಲ್ಲಿ ಬಕೆಟ್ಟು, ಅದರಲ್ಲಿ ಮಾಂಸದ ಉಂಡೆಗಳು. ದೊಡ್ಡಹನುಮಯ್ಯನಿಗೆ ಬಸ್ಸು ತಪ್ಪಿತ್ತು, ಇನ್ನೂ ಬಂದಿರಲಿಲ್ಲ. ನಾನು ಏಳು ತಿಂಗಳ ಬಸುರಿ. ಆದರೂ ಓಡಿ ಹೋಗಿ ಕುಂಟಮ್ಮನ ಕೊರಳಿಗೆ ಹಗ್ಗ ಹಾಕಿ ಎಳೆದೆ. ಎಲ್ಲಿಗೆ ಎಳೆಯುತ್ತಿದ್ದೇನೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಅದು ಮರಿಗಳನ್ನು ಹೊಟ್ಟೆಯ ಕೆಳಗಿಟ್ಟುಕೊಂಡು ನೆಲ ಕಚ್ಚಿ ಮಲಗಿತು, ಏಳಲಿಲ್ಲ. ಎತ್ತೋಣ ಅಂತ ಬಗ್ಗಿದೆ.

"ಬುಡು, ನೀನ್ ಎತ್ಬ್ಯಾಡ" ಅಂತ ಹಿಂದಿನಿಂದ ಕೇಳಿಸಿತು. ಬೇಗಂ ದೊಡ್ಡಿಯ ಒಳಗೆ ನಿಂತಿದ್ದರು. ಅಷ್ಟು ವರ್ಷದಲ್ಲಿ ಅವರು ಆ ಗೋಡೆ ದಾಟಿದ್ದು ಅದೇ ಮೊದಲು. ಕೈಯಲ್ಲಿ ಸೌಟು ಇರಲಿಲ್ಲ.

ಇದು ಯಾರ ನಾಯಿ ಅಂತ ಇನ್ಸ್‌ಪೆಕ್ಟರು ಕೇಳಿದರು.

"ನಂದು. ನನ್ನ ಮನೆ ನಾಯಿ."

"ನಿಮ್ಮ ಮನೇಲಿ ನಾಯಿ ಸಾಕ್ತಾರೇನಮ್ಮ?"

"ಇವತ್ತಿಂದ ಸಾಕ್ತಾರೆ."

ಹೇಳಿದವರೇ ಬಗ್ಗಿ ಎರಡೂ ಕೈಯಲ್ಲಿ ಕುಂಟಮ್ಮನನ್ನು ಬಾಚಿ ಎದೆಗೆತ್ತಿಕೊಂಡರು. ಬಡಕಲು ಹೆಂಗಸು, ನಾಯಿ ನೋಡಿದರೆ ಕುರಿ ಕಾಯುವ ಜಾತಿಯ ಭಾರದ ನಾಯಿ. ನಾನು ಮರಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹಿಂದೆ ಹೋದೆ. ಬೀದಿಯಲ್ಲಿ ನೀರಿಗೆ ಹೊರಟವರು, ಮಸೀದಿಯಿಂದ ಬರುತ್ತಿದ್ದವರು, ಬಾಗಿಲಲ್ಲಿ ನಿಂತ ನಮ್ಮತ್ತೆ, ಎಲ್ಲರೂ ನೋಡಿದರು. ನಡುಬೀದಿಯಲ್ಲಿ ಕುಂಟಮ್ಮ ಅವರ ಗಲ್ಲ, ಕತ್ತು, ಕಿವಿ ಎಲ್ಲ ನೆಕ್ಕಿಬಿಟ್ಟಿತು. ಅವರು ಮುಖ ತಿರುಗಿಸಲಿಲ್ಲ, ಕೈಯನ್ನೂ ಸಡಿಲ ಮಾಡಲಿಲ್ಲ. ಹೊಸಿಲು ದಾಟಿ ಒಳಗಿಳಿಸಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಖುಷಿಗೋ, ಸಂಕಟಕ್ಕೋ, ಎರಡೂ ಇತ್ತು.

ಮಧ್ಯಾಹ್ನದ ಬಾಂಗ್ ಕೂಗಿದಾಗ ಅವರ ಬಾಗಿಲು ತೆರೆಯಿತು. ತಲೆಗೆ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು, ಜಾನಮಾಜ್ ಸುತ್ತಿಕೊಂಡು ಬೇಗಂ ಆಚೆ ಬಂದರು. ಜಗಲಿಯನ್ನು ನೀರು ಹಾಕಿ ತೊಳೆದರು. ಒಣಗುವವರೆಗೆ ಕಾದು, ಚಾಪೆ ಹಾಸಿದರು. ನಾನು ದಡದಡ ಹೋಗಿ, ಇದೇನು ಬೀದಿಯಲ್ಲಿ, ಬಿಸಿಲಲ್ಲಿ ಅಂತ ಕೇಳಿದೆ.

"ಅವ್ರು ನಾಯಿ ಇರೋ ಮನೆ ಒಳಿಕ್ಕೆ ಬರಾಕಿಲ್ಲ ಕಣಮ್ಮ. ಅದುಕ್ಕೇ ನಾನೇ ಆಚೆ ಬಂದ್ಬುಟ್ಟೆ."

ಹೇಳಿ ನಮಾಜಿಗೆ ನಿಂತರು. ಒಳಗೆ ಕುಂಟಮ್ಮ ಹೊಸಿಲಿನ ಮೇಲೆ ಗಲ್ಲ ಇಟ್ಟುಕೊಂಡು ಅವರನ್ನೇ ನೋಡುತ್ತಾ ಮಲಗಿತ್ತು.

ಬೀದಿಯಲ್ಲಿ ಮಾತು ಆಡದೆ ಬಿಡುತ್ತಾರೆಯೇ? ಆಡಿದರು. ಅವರ ಕಡೆಯವರೂ ಆಡಿದರು, ನಮ್ಮ ಕಡೆಯವರೂ ಆಡಿದರು. ಪೇಶ್ ಇಮಾಮರು ಒಮ್ಮೆ ಆ ದಾರಿಯಲ್ಲಿ ಬಂದವರು ನಿಂತು ನೋಡಿ, ನೆಲವೆಲ್ಲ ಅವನದೇ ಅಂತ ಹೇಳಿ ಹೋದರು. ಆಶ್ಚರ್ಯ ಅಂದರೆ ನಮ್ಮತ್ತೆಯದು. ಮೂರನೆಯ ದಿನ ಪೆಟ್ಟಿಗೆಯಿಂದ ಮಾವನವರ ಹಳೆಯ ಕರೀ ಕಂಬಳಿ ತೆಗೆದು ನನ್ನ ಮೇಲೆ ಎಸೆದರು. ಆ ಯಮ್ಮ ದೇವರ ಮುಂದೆ ಕೂತಾಗ ದಾರಿಹೋಕರ ಕಣ್ಣು ಬೀಳುತ್ತೆ, ಮರೆ ಕಟ್ಟು ಹೋಗು ಅಂದರು. ದೊಡ್ಡಹನುಮಯ್ಯ ಎರಡು ಗಳ ನೆಟ್ಟು ಕಂಬಳಿ ಬಿಗಿದ. ಅವನು ತಾವರೆಕೆರೆಯಿಂದ ಬರಿಗೈಯಲ್ಲಿ ಬಂದಿದ್ದ, ಕುರಿಗಾಹಿಗಳು ಸಿಕ್ಕಿರಲಿಲ್ಲ.

ಮದ್ದಿನ ವಾರ ಮುಗಿಯಿತು. ಇನ್ನೇನು, ನಾಯಿಯನ್ನು ವಾಪಸು ದೊಡ್ಡಿಗೆ ಬಿಡಿ, ನೀವು ಒಳಗೆ ಹೋಗಿ ಅಂತ ನಾನು ಹೇಳಿದೆ. ಬೇಗಂ ಒಪ್ಪಲಿಲ್ಲ. ನನ್ನ ಮನೆಯ ನಾಯಿ ಅಂತ ನಾಲ್ಕು ಜನರ ಮುಂದೆ ಹೇಳಿ ಆಗಿದೆ, ಹೇಳಿದ್ದು ಹೇಳಿದ್ದೇ ಅಂದರು. ಇನ್ಸ್‌ಪೆಕ್ಟರಿಗೆ ಪಾವಗಡಕ್ಕೆ ವರ್ಗವಾಯಿತು. ದೊಡ್ಡಿಯ ಕೊಟ್ಟಿಗೆಗೆ ಮತ್ತೆ ನಾಯಿಗಳು ಬಂದವು. ಮತ್ತೆ ಅಂಬಲಿ, ಮತ್ತೆ ಸೀತಾಫಲದ ಎಲೆ, ಮತ್ತೆ ದೊಡ್ಡಹನುಮಯ್ಯನ ಗೊಣಗಾಟ. ನನಗೆ ಮಗಳು ಹುಟ್ಟಿದಳು, ಆ ಜಗಲಿಯ ಮೇಲೇ ಅಂಬೆಗಾಲಿಟ್ಟಳು. ಬೇಗಂ ಮಳೆಯಲ್ಲಿ ಕಂಬಳಿಯ ಕೆಳಗೆ ಮುದುರಿಕೊಂಡು, ಚಳಿಗಾಲದ ನಸುಕಿನಲ್ಲಿ ರಜಾಯಿ ಹೊದ್ದು, ಅಲ್ಲೇ ನಮಾಜು ಮಾಡಿದರು. ನಾಯಿಯ ಹಾಲು ಕುಡಿದು ಬೆಳೆದ ಎರಡು ಬೆಕ್ಕುಗಳೂ ಚಾಪೆಯ ಎರಡು ತುದಿ ಹಿಡಿದು ಕೂರುತ್ತಿದ್ದವು. ಕುಂಟಮ್ಮ ಮಾತ್ರ ಆ ಹೊತ್ತಿನಲ್ಲಿ ಹೊಸಿಲು ದಾಟುತ್ತಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಅಷ್ಟು ಮಾತ್ರ ನಾನು ಬಲ್ಲೆ.

ಕುಂಟಮ್ಮ ಅವರ ಮನೆಯಲ್ಲಿ ಐದಾರು ವರ್ಷ ಬದುಕಿತು. ಒಂದು ಆಷಾಢದಲ್ಲಿ ತಿನ್ನುವುದನ್ನು ಬಿಟ್ಟು, ಬೇಗಂ ಅವರ ಕಾಲ ಹತ್ತಿರ ಮಲಗಿದ್ದಲ್ಲೇ ಹೋಯಿತು. ದೊಡ್ಡಹನುಮಯ್ಯನೂ ಕಲಂದರನೂ ದೊಡ್ಡಿಯ ಹಿಂದೆ ಗುಂಡಿ ತೋಡಿದರು. ಬೇಗಂ ತಾವೇ ಕೈಯಾರೆ ಮಣ್ಣು ಎಳೆದರು.

ಮಾರನೆಯ ದಿನ ಮನೆ ತೊಳೆಯಲು ನಿಂತರು. ನೆಲಕ್ಕೆ ಮಣ್ಣು ಹಚ್ಚಿ ಒಮ್ಮೆ, ಬರೀ ನೀರಿನಲ್ಲಿ ಆರು ಸಲ. ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು. ಕಲಂದರ್ ಗೋಡೆಗೆ ಸುಣ್ಣ ಬಳಿದ. ಬಾಗಿಲಲ್ಲಿ ಲೋಬಾನದ ಹೊಗೆ ಹಾಕಿದರು. ಮಧ್ಯಾಹ್ನ ಇಳಿದ ಮೇಲಿನ ನಮಾಜಿಗೆ ಬೇಗಂ ಜಾನಮಾಜ್ ಎತ್ತಿಕೊಂಡು ಒಳಗೆ ಹೋದರು. ಪಶ್ಚಿಮದ ಗೋಡೆಯ ಬಳಿ, ಮೊದಲಿನ ಜಾಗದಲ್ಲೇ ಹಾಸಿದ್ದನ್ನು ಬಾಗಿಲಿನಿಂದ ನೋಡಿದೆ. ಅಂತೂ ಇಷ್ಟು ವರ್ಷಕ್ಕೆ ಒಳಗೆ ಹೋದರಲ್ಲ ಅಂತ ನನಗೆ ಸಮಾಧಾನವಾಯಿತು. ಇನ್ನು ಈ ಕಂಬಳಿ ಯಾಕೆ ಅಂತ ಗಳಕ್ಕೆ ಬಿಗಿದ ಹಗ್ಗ ಬಿಚ್ಚತೊಡಗಿದೆ.

ಒಂದು ಗಂಟು ಬಿಚ್ಚಿದ್ದೆನೋ ಇಲ್ಲವೋ, ಬೇಗಂ ಆಚೆ ಬಂದರು. ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದರು. ಏನಾಯಿತು, ಮನೆ ಶುದ್ಧವಾಗಿಲ್ಲವೇ ಅಂತ ಕೇಳಿದೆ. ಆಗಿದೆ ಅಂದರು. ಮತ್ತೆ ಅವರು ಬರುವುದಕ್ಕೆ ಇನ್ನೇನು ಅಡ್ಡಿ ಅಂದೆ, ನನ್ನ ಸೊಂಟದ ನೋವಿನ ಸಿಟ್ಟಿನಲ್ಲಿ. ಅವರು ಕುಂಟಮ್ಮ ಗಲ್ಲ ಇಟ್ಟು ಮಲಗುತ್ತಿದ್ದ ಹೊಸಿಲನ್ನು ನೋಡುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡರು.

"ಒಳಗೆ ಯಾರೂ ಇಲ್ಲ ಕಣಮ್ಮ."

ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದೆ. ಅವರು ಜಗಲಿಯ ಮೇಲೆ ಚಾಪೆ ಹಾಸಿದರು, ಬೆಕ್ಕುಗಳು ಬಂದು ಕೂತವು.